ಮೈಸೂರಿನ ಹೆಸರು ಹೊತ್ತ ಸೊಳ್ಳೆ

ಮಾಗಡಿ ಸುತ್ತಲ ಹಳ್ಳಿಗಳಲ್ಲಿ ಬೆಳೆದ ರೇಷ್ಮೆಯ ಬಿತ್ತನೆ ಗೂಡು ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಬರುತ್ತದೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆಯನ್ನು ಗಂಡಿನ ಜೊತೆ ಕೂಡಲು ಬಿಟ್ಟು, ಆಮೇಲೆ ಹಾಳೆಯ ಮೇಲಿಟ್ಟು, ಮೇಲೊಂದು ಪುಟ್ಟ ಆಲಿಕೆ ಕವುಚುತ್ತಾರೆ. ಬೆಳಗಾಗುವಷ್ಟರಲ್ಲಿ ಹಾಳೆಯ ಮೇಲೆ ಸಣ್ಣ ಸಣ್ಣ ಮೊಟ್ಟೆಗಳ ದುಂಡನೆಯ ಬಿಲ್ಲೆ ಮೂಡಿರುತ್ತದೆ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ರೇಷ್ಮೆ ಹುಳುವಿನ ಗಂಟು ರೋಗದ ಕಣ ಕಂಡಿತೋ, ಆ ಮೊಟ್ಟೆಗಳನ್ನು ನಾಶ ಮಾಡುತ್ತಾರೆ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ರೈತರಿಗಾಗಿ ಕಂಡುಹಿಡಿದ ಈ ಉಪಾಯ ಇವತ್ತಿಗೂ ರಾಮನಗರದ ಗೂಡು ಮಾರುಕಟ್ಟೆಯನ್ನು ಕಾಯುತ್ತಿದೆ.

ಆ ತಾಯಿ ಚಿಟ್ಟೆಯ ತಳಿಗೆ 'ಮೈಸೂರು ತಳಿ' ಎಂದೇ ಹೆಸರು. ಇದೇ ಸೀಮೆಯ ಹೆಸರು ಹೊತ್ತ ಇನ್ನೊಂದು ಕೀಟವೂ ಇದೆ. ಅದನ್ನು ಯಾರೂ ಸಾಕುವುದಿಲ್ಲ, ಹಾಗಾಗಿ ಅದರ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಹೆಸರು 'ಅನಾಫಿಲಿಸ್ ಸ್ಟೀಫೆನ್ಸಿ ಮೈಸೊರೆನ್ಸಿಸ್'. ಮಲೇರಿಯಾ ಹರಡುವ ಸೊಳ್ಳೆಗಳ ಒಂದು ಬಗೆ. ಅದಕ್ಕೆ ಆ ಹೆಸರು ಬಂದದ್ದೂ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ನೋಡಿದವರಿಂದಲೇ. ಆ ನೋಟದ ಹಿಂದೆ ಅಮೆರಿಕದ ಒಂದು ದತ್ತಿಯ ಹಣವಿತ್ತು, ಮೈಸೂರು ಸಂಸ್ಥಾನದ ಖಜಾನೆಯ ಹಣವೂ ಇತ್ತು.

1937ರಲ್ಲಿ ಕಲ್ಕತ್ತೆಯ 'ಇಂಡಿಯನ್ ಮೆಡಿಕಲ್ ಗೆಜೆಟ್' ಪತ್ರಿಕೆಯಲ್ಲಿ ಹತ್ತು ಪುಟದ ಒಂದು ಲೇಖನ ಬಂತು. ಬರೆದವರು ಇಬ್ಬರು. ಒಬ್ಬರು ಡಬ್ಲ್ಯು. ಸಿ. ಸ್ವೀಟ್, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ವೈದ್ಯರು. ಇನ್ನೊಬ್ಬರು ಬಿ. ಅನಂತಸ್ವಾಮಿ ರಾವ್, ಮೈಸೂರಿನವರು. ವೈದ್ಯ ಸಂಶೋಧನೆಗೆ ದಾನಿಗಳ ಹಣ, ಎರಡು ದೇಶಗಳ ವಿಜ್ಞಾನಿಗಳ ಜಂಟಿ ದುಡಿಮೆ ಎಂಬ ಮಾತು ಇಂದು ದಿನವೂ ಕೇಳುತ್ತದೆ. ಆ ಮಾತಿಗೆ ಹಳೆ ಮೈಸೂರಿನಲ್ಲಿ ಸಿಗುವ ಅಚ್ಚುಕಟ್ಟಾದ ಉದಾಹರಣೆ ಈ ಎರಡು ಹೆಸರುಗಳ ಲೇಖನ.

ರಾಕ್‌ಫೆಲರ್ ಪ್ರತಿಷ್ಠಾನದ ಹಣದ ಮೂಲ ಸೀಮೆಎಣ್ಣೆ. ಜಾನ್ ಡಿ. ರಾಕ್‌ಫೆಲರ್ ಕಟ್ಟಿದ ಸ್ಟಾಂಡರ್ಡ್ ಆಯಿಲ್ ಕಂಪನಿ ಅಮೆರಿಕದ ಎಣ್ಣೆ ವ್ಯಾಪಾರವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಡೆದು ತುಂಡು ಮಾಡಬೇಕಾಯಿತು. ಎರಡು ವರ್ಷದ ನಂತರ, 1913ರಲ್ಲಿ, ಪ್ರತಿಷ್ಠಾನ ಹುಟ್ಟಿತು. ಹೆಸರಿಗೆ ಅಂಟಿದ ಮಸಿ ತೊಳೆಯಲು ಮಾಡಿದ ದಾನ ಎಂದು ಆಗಲೇ ಟೀಕೆ ಬಂದಿತ್ತು. ಆರೋಗ್ಯವಂತ ಕೂಲಿಯಾಳು ಹೆಚ್ಚು ದುಡಿಯುತ್ತಾನೆ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು ಎನ್ನುವ ಇತಿಹಾಸಕಾರರಿದ್ದಾರೆ. ಈ ಟೀಕೆಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಹಣ ಮೈಸೂರಿನಲ್ಲಿ ಏನು ಮಾಡಿತು ಎಂಬುದನ್ನು ಇಲ್ಲಿನ ನೆಲದ ಮೇಲೆ ನಿಂತು ನೋಡಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯ ಕಾಲ ಅದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಮಂಡ್ಯದ ಕಡೆ ಗದ್ದೆಗಳು ಹಸಿರಾಗತೊಡಗಿದ್ದವು. ನೀರು ಬಂದಲ್ಲಿ ಭತ್ತ, ಕಬ್ಬು. ನೀರು ನಿಂತಲ್ಲಿ ಸೊಳ್ಳೆ. ಮಲೆನಾಡಿನಲ್ಲಂತೂ ಚಳಿಜ್ವರ ಊರೂರನ್ನೇ ಬರಿದು ಮಾಡುತ್ತಿತ್ತು. ಸಂಸ್ಥಾನಕ್ಕೆ ಆಸ್ಪತ್ರೆಗಳಿದ್ದವು, ಆದರೆ ರೋಗ ಬರದಂತೆ ತಡೆಯುವ ವ್ಯವಸ್ಥೆ ಇನ್ನೂ ಎಳಸಾಗಿತ್ತು. ಆ ಕೊರತೆಯನ್ನು ತುಂಬಲು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಕೈಜೋಡಿಸಿತು. ಸ್ವೀಟ್ ಬಂದರು. ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ತೆರೆದವು. ನಾಲೆಯ ಬಯಲು, ಒಣಸೀಮೆಯ ಕೆರೆ, ಮಲೆನಾಡಿನ ತೊರೆ, ಮೂರೂ ಬೇರೆ ಬೇರೆ ನೀರು. ಯಾವ ನೀರಿನಲ್ಲಿ ಯಾವ ಸೊಳ್ಳೆ, ಅದರಲ್ಲಿ ಯಾವುದು ಜ್ವರ ತರುತ್ತದೆ ಎಂದು ಹುಡುಕುವುದು ಕೆಲಸ.

ಅನಾಫಿಲಿಸ್ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಮೇಲೆ ಒಂದೊಂದಾಗಿ ಬಿಡುತ್ತದೆ. ಅರ್ಧ ಮಿಲಿಮೀಟರು ಉದ್ದದ ಒಂದೊಂದು ಮೊಟ್ಟೆಯೂ ದೋಣಿಯಾಕಾರದ್ದು. ಮುಳುಗದಿರಲೆಂದು ಅದರ ಎರಡೂ ಪಕ್ಕಕ್ಕೆ ಗಾಳಿ ತುಂಬಿದ ತೇಲುಬುರುಡೆಗಳಿರುತ್ತವೆ. ಆ ತೇಲುಬುರುಡೆಯ ಮೇಲೆ ಅಡ್ಡಡ್ಡಲಾಗಿ, ಕುಂಬಳಕಾಯಿಯ ಏಣುಗಳ ಹಾಗೆ, ಸಾಲು ಏಣುಗಳು. ಸ್ವೀಟ್ ಮತ್ತು ರಾವ್ ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಿದರು. ನೋಡಲು ಎಲ್ಲಾ ಒಂದೇ ಥರದ ಸ್ಟೀಫೆನ್ಸಿ ಸೊಳ್ಳೆಗಳು, ಆದರೆ ಕೆಲವು ತಾಯಂದಿರ ಮೊಟ್ಟೆಯಲ್ಲಿ ಏಣುಗಳು ಹೆಚ್ಚು, ಕೆಲವರದರಲ್ಲಿ ಕಡಿಮೆ. ಹೆಚ್ಚು ಏಣುಳ್ಳ ಬಗೆಯನ್ನು ಮೂಲ ರೂಪವೆಂದು ಉಳಿಸಿಕೊಂಡು, ಕಡಿಮೆ ಏಣಿನದಕ್ಕೆ ತಾವು ದುಡಿಯುತ್ತಿದ್ದ ಸಂಸ್ಥಾನದ ಹೆಸರಿಟ್ಟರು. ಮಾರನೆಯ ವರ್ಷ, 1938ರಲ್ಲಿ, ಎ. ಎಂ. ಸುಬ್ಬರಾವ್ ಅವರೂ ಸೇರಿ ಮೂವರ ಹೆಸರಿನಲ್ಲಿ ಮೊಟ್ಟೆಗಳ ಅಳತೆಯ ಇನ್ನೊಂದು ಲೇಖನ ಬಂತು. ಈ ಬಾರಿ ಮೊದಲ ಹೆಸರು ಅನಂತಸ್ವಾಮಿ ರಾವ್ ಅವರದು.

ಏಣು ಎಣಿಸಿ ಆಗುವುದೇನು ಎಂದು ಕೇಳಬಹುದು. ಮೂಲ ರೂಪದ ಸೊಳ್ಳೆ ಊರಿನದು. ಬಾವಿ, ತೊಟ್ಟಿ, ಮಾಳಿಗೆಯ ಮೇಲಿನ ಟ್ಯಾಂಕು ಅದರ ತವರು. ಮನುಷ್ಯನನ್ನು ಕಚ್ಚುತ್ತದೆ, ಪೇಟೆಯಲ್ಲಿ ಮಲೇರಿಯಾ ಹರಡುವುದರಲ್ಲಿ ಪಳಗಿದ ಕೈ ಅದರದು. ಮೈಸೂರಿನ ಹೆಸರಿನದು ಹಳ್ಳಿಯದು. ದನಕರುಗಳ ರಕ್ತವೇ ಅದಕ್ಕೆ ಹೆಚ್ಚು ಇಷ್ಟ, ನಮ್ಮಲ್ಲಿ ಅದು ರೋಗ ಹರಡುವುದು ಕಡಿಮೆ. ಅಂದರೆ ಹಿಡಿದ ಸೊಳ್ಳೆ ಸ್ಟೀಫೆನ್ಸಿ ಎಂದು ಗೊತ್ತಾದರೆ ಸಾಲದು, ಯಾವ ಸ್ಟೀಫೆನ್ಸಿ ಎಂದು ಗೊತ್ತಾಗಬೇಕು. ಇಲ್ಲವಾದರೆ ಔಷಧಿಯ ದುಡ್ಡು ತಪ್ಪು ಊರಿನಲ್ಲಿ ಖರ್ಚಾಗುತ್ತದೆ. ಐವತ್ತು ವರ್ಷದ ಮೇಲೆ, 1987ರಲ್ಲಿ, ದೆಹಲಿಯಲ್ಲಿ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಇದೇ ಎಣಿಕೆಯನ್ನು ಮುಂದುವರಿಸಿ ನಡುವಿನ ಇನ್ನೊಂದು ರೂಪವನ್ನೂ ಗುರುತಿಸಿದರು. ಮೂಲ ರೂಪಕ್ಕೆ 14ರಿಂದ 22 ಏಣು, ನಡುವಿನದಕ್ಕೆ 12ರಿಂದ 17, ಮೈಸೊರೆನ್ಸಿಸ್‌ಗೆ 9ರಿಂದ 15 ಎಂಬ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಇವು ಒಂದೇ ಸೊಳ್ಳೆಯ ಮೂರು ರೂಪಗಳೋ, ಮೂರು ಬೇರೆ ಪ್ರಭೇದಗಳೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಸೊಳ್ಳೆಯ ಮೊಟ್ಟೆಯಷ್ಟೇ ಅಲ್ಲ, ಆ ಹಣ ಇನ್ನೊಂದು ಕೆಲಸವನ್ನೂ ಮಾಡಿತು. ಅದು ನಡೆದದ್ದು ರಾಮನಗರದಲ್ಲಿ. ಆಗ ಊರಿನ ಹೆಸರು ಕ್ಲೋಸ್‌ಪೇಟೆ, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಬಂದದ್ದು. 1929ರಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕ ಶುರುವಾಗಿ, 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ ಆರೋಗ್ಯ ತರಬೇತಿ ಕೇಂದ್ರ ತಲೆಯೆತ್ತಿತು. ತಿರುವಾಂಕೂರಿನ ನೆಯ್ಯಾಟಿನ್‌ಕರ, ಮದರಾಸು ಬಳಿಯ ಪೂನಮಲ್ಲಿ, ಬಂಗಾಳದ ಸಿಂಗೂರು, ದೆಹಲಿಯ ನಜಫ್‌ಗಢಗಳಲ್ಲೂ ಇಂಥ ಘಟಕಗಳಿದ್ದವು. ಎಲ್ಲದರ ಹಿಂದೆಯೂ ರಾಕ್‌ಫೆಲರ್ ನೆರವಿತ್ತು.

ಕ್ಲೋಸ್‌ಪೇಟೆಯ ತರಬೇತಿಯ ವಿಶೇಷವೆಂದರೆ ಪಾಠಶಾಲೆ ಊರೊಳಗೇ ಇತ್ತು. ಆರೋಗ್ಯ ಸಿಬ್ಬಂದಿ ಹಳ್ಳಿಯ ಮನೆಗಳಿಗೆ ಹೋಗಿ ಕಲಿಯಬೇಕಿತ್ತು. ಹುಟ್ಟು ಸಾವು ಬರೆದುಕೊಳ್ಳುವುದು, ದೇವಿ ಹಾಕುವುದು, ಕುಡಿಯುವ ಬಾವಿಯ ನೀರು ನೋಡುವುದು, ಬಸುರಿ ಬಾಣಂತಿಯರನ್ನು ವಿಚಾರಿಸುವುದು ಅವರ ಪಾಠ. ಈಗ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ನಾವು ಕರೆಯುವ ವ್ಯವಸ್ಥೆಗೆ ಇಂಥ ಘಟಕಗಳ ಅನುಭವವೇ ಒಂದು ಅಡಿಪಾಯ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಮುಂದೆ ಈ ಅನುಭವವೆಲ್ಲ ಇತ್ತು.

ಹಣ ಕೊಡುವುದರಲ್ಲಿ ಪ್ರತಿಷ್ಠಾನ ಒಂದು ಶಿಸ್ತು ಇಟ್ಟುಕೊಂಡಿತ್ತು. ಅದರ ಪಾಲು ವರ್ಷದಿಂದ ವರ್ಷಕ್ಕೆ ಇಳಿಯಬೇಕು, ಸರ್ಕಾರದ ಪಾಲು ಏರಬೇಕು, ಕೊನೆಗೆ ಪೂರ್ತಿ ಹೊಣೆ ಸರ್ಕಾರದ್ದಾಗಬೇಕು. ಜೊತೆಗೆ ಭಾರತೀಯ ವೈದ್ಯರಿಗೆ ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನ. ಈ ಲೇಖಕನ ಅಭಿಪ್ರಾಯದಲ್ಲಿ ದತ್ತಿ ಹಣದ ಸರಿಯಾದ ಪರೀಕ್ಷೆ ಇಲ್ಲಿದೆ. ಕೊಟ್ಟವರು ಹೊರಟುಹೋದ ಮೇಲೆ ಕೆಲಸ ತಿಳಿದ ಕೈಗಳು ಊರಲ್ಲಿ ಉಳಿದವೇ ಎಂದು ಕೇಳಬೇಕು. ಮೈಸೂರಿನಲ್ಲಿ ಉಳಿದವು.

ಪ್ರತಿಷ್ಠಾನದ ಕೈ ಕರ್ನಾಟಕಕ್ಕೆ ಮತ್ತೊಮ್ಮೆ ತಾಗಿದ್ದು ಸೊರಬದ ಕಾಡಿನಲ್ಲಿ. 1952ರಲ್ಲಿ ಪುಣೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಸೇರಿ ವೈರಸ್ ಸಂಶೋಧನಾ ಕೇಂದ್ರ ಕಟ್ಟಿದ್ದವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಜನರಿಗೆ ಜ್ವರ ಬಂದಾಗ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಂಗಡಿಗರು ಅಲ್ಲಿಗೆ ಹೋದರು. ಉಣ್ಣೆಯ ಕಡಿತದಿಂದ ಹರಡುವ ಹೊಸ ವೈರಸ್ ಪತ್ತೆಯಾಯಿತು. ಆ ಪುಣೆಯ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗನ ಕಾಯಿಲೆ ಮಾತ್ರ ಮಲೆನಾಡಿನಿಂದ ಇನ್ನೂ ಹೋಗಿಲ್ಲ.

ಮತ್ತೆ ರೇಷ್ಮೆಯ ಊರಿಗೆ ಬರೋಣ. ಡಿಡಿಟಿ ಬಂದ ಮೇಲೆ ಮನೆಯ ಗೋಡೆಗೆ ಔಷಧಿ ಹೊಡೆದು ಸೊಳ್ಳೆ ಕೊಲ್ಲುವುದು ದೇಶದ ಕಾರ್ಯಕ್ರಮವಾಯಿತು. ಆದರೆ ಹುಳು ಸಾಕುವ ಮನೆಯಲ್ಲಿ ಔಷಧಿ ಹೊಡೆಯುವುದು ಹೇಗೆ? ಸೊಳ್ಳೆಗೆ ವಿಷವಾದದ್ದು ರೇಷ್ಮೆ ಹುಳುವಿಗೂ ವಿಷವೇ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ಮೇಯುತ್ತಿರುವ ಹುಳುವಿರುವ ಮನೆಗೆ ಪಂಪು ಹೊತ್ತು ಬಂದವರನ್ನು ರೈತ ಬಾಗಿಲಲ್ಲೇ ತಡೆಯುತ್ತಾನೆ. ಅದು ಅವನ ಅಜ್ಞಾನ ಅಲ್ಲ, ಇಡೀ ಬೆಳೆಯ ಪ್ರಶ್ನೆ. ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರದ ಎಸ್. ಕೆ. ಘೋಷ್ ಮತ್ತು ಸಂಗಡಿಗರು ಈ ಮಾತನ್ನು ಕಿವಿಗೊಟ್ಟು ಕೇಳಿದರು. ರೇಷ್ಮೆ ಬೆಳೆಯುವ ಇನ್ನೊಂದು ಸೀಮೆಯಾದ ಕೋಲಾರದ ಕಾಮಸಮುದ್ರದ ಹಳ್ಳಿಗಳಲ್ಲಿ ಬಾವಿ ಕುಂಟೆಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟರು. ಮೀನು ಸೊಳ್ಳೆಮರಿ ತಿಂದಿತು, ಮಲೇರಿಯಾ ಇಳಿಯಿತು. 2005ರಲ್ಲಿ ಆ ಕೆಲಸದ ವರದಿ ಲಂಡನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರೈತನ ಮಾತಿನಿಂದ ಹುಟ್ಟಿದ ವಿಜ್ಞಾನ ಎಂದು ಅದನ್ನು ಧಾರಾಳವಾಗಿ ಕರೆಯಬಹುದು.

ಸ್ವೀಟ್ ಮತ್ತು ರಾವ್ ಮೊಟ್ಟೆಯ ಏಣು ಎಣಿಸಿದ ಸೊಳ್ಳೆ ಆಮೇಲೆ ಖಂಡ ದಾಟಿತು. 2012ರಲ್ಲಿ ಆಫ್ರಿಕಾದ ಪುಟ್ಟ ದೇಶ ಜಿಬೂತಿಯಲ್ಲಿ ಸ್ಟೀಫೆನ್ಸಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ದಾಖಲಾದ ಮಲೇರಿಯಾ ರೋಗಿಗಳು 27. 2020ರಲ್ಲಿ ಆ ಸಂಖ್ಯೆ 73 ಸಾವಿರ ದಾಟಿತ್ತು. ಇಥಿಯೋಪಿಯಾ, ಸುಡಾನ್, ಸೊಮಾಲಿಯಾ, ನೈಜೀರಿಯಾಗಳಿಗೂ ಅದು ಹೋಗಿದೆ. ಆಫ್ರಿಕಾದ ಹಳೆಯ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಹಳ್ಳಿಯವು. ಇದು ನೀರಿನ ತೊಟ್ಟಿಯಲ್ಲಿ ಹುಟ್ಟಿ ಪೇಟೆಯ ನಡುವೆಯೇ ಬದುಕುತ್ತದೆ, ಹಾಗಾಗಿ ಅಲ್ಲಿನ ನಗರಗಳು ಬೆದರಿವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತಡೆಯಲೆಂದೇ ಒಂದು ಅಭಿಯಾನ ಆರಂಭಿಸಿತು. ಬಂದ ಸೊಳ್ಳೆ ಯಾವ ರೂಪದ್ದು ಎಂಬ ಪ್ರಶ್ನೆ ಅಲ್ಲೂ ಎದ್ದಾಗ ಸಂಶೋಧಕರು ನೆನೆಯುವುದು ಮೈಸೂರಿನ ಆ 1937ರ ಲೇಖನವನ್ನು.

ಈಗ ಹಣ ಹರಿಯುವ ದಿಕ್ಕೂ ಬದಲಾಗಿದೆ. 2016ರಲ್ಲಿ ಟಾಟಾ ಟ್ರಸ್ಟ್‌ಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಗೆ 7 ಕೋಟಿ ಡಾಲರ್ ಕೊಡುವುದಾಗಿ ಪ್ರಕಟಿಸಿದವು. ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿ, ಬಾಯಿಮಾತಿನಲ್ಲಿ 'ಟಿಗ್ಸ್', ಹುಟ್ಟಿದ್ದು ಹೀಗೆ. ಒಂದು ಕಾಲು ಸ್ಯಾನ್ ಡಿಯಾಗೊದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಟಾಟಾ ಮನೆತನಕ್ಕೂ ಈ ಸೀಮೆಗೂ ನಂಟು ಹಳೆಯದು. ಜಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಅವರು ಕನಸಿದ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ಸುಮಾರು 370 ಎಕರೆ ಜಾಗ ಕೊಟ್ಟಿತ್ತು. ಸೀಮೆಎಣ್ಣೆಯ ದುಡ್ಡು ಅಮೆರಿಕದಿಂದ ಮೈಸೂರಿಗೆ ಬಂದು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಳೆದ ನಂತರ ಭಾರತದ ಒಂದು ದತ್ತಿಯ ದುಡ್ಡು ಅಮೆರಿಕಕ್ಕೆ ಹೋಯಿತು. ಎರಡೂ ಸಲ ನಡುವೆ ಇದ್ದದ್ದು ಅದೇ ಸೊಳ್ಳೆ.

ಸ್ಯಾನ್ ಡಿಯಾಗೊದ ಈಥನ್ ಬಿಯರ್, ಅದೇ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಆಂಟನಿ ಜೇಮ್ಸ್ ಮತ್ತು ಸಂಗಡಿಗರು 2015ರಲ್ಲೇ ಸ್ಟೀಫೆನ್ಸಿಯ ವಂಶವಾಹಿ ತಿದ್ದಿ, ಮಲೇರಿಯಾ ಪರಾವಲಂಬಿಯನ್ನು ತಡೆಯುವ ಗುಣವು ಹೆಚ್ಚುಕಡಿಮೆ ಎಲ್ಲಾ ಮರಿಗಳಿಗೂ ದಾಟುವಂತೆ ಮಾಡಿದ್ದರು. ಸಾಮಾನ್ಯವಾಗಿ ತಾಯಿ ತಂದೆಯರಲ್ಲಿ ಒಬ್ಬರದಷ್ಟೇ ಆದ ಗುಣ ಅರ್ಧದಷ್ಟು ಮಕ್ಕಳಿಗೆ ಬರುತ್ತದೆ. ಇಲ್ಲಿ ಆ ನಿಯಮವನ್ನೇ ಬಗ್ಗಿಸಲಾಗಿದೆ. ಪ್ರಯೋಗಾಲಯದ ಬಲೆಯೊಳಗಿನ ಕೆಲಸ ಅದು. ಇತ್ತ ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ ಮತ್ತು ಟಿಗ್ಸ್‌ನವರು ಸೇರಿ ಸ್ಟೀಫೆನ್ಸಿಯ ಭಾರತೀಯ ತಳಿಗಳ ಪೂರ್ಣ ವಂಶವಾಹಿ ನಕ್ಷೆ ಬಿಡಿಸಿದ್ದಾರೆ. ಏಣು ಎಣಿಸಿ ಊಹಿಸಿದ್ದನ್ನು ಈಗ ಅಕ್ಷರ ಅಕ್ಷರವಾಗಿ ಓದಲು ಸಾಧ್ಯವಾಗುತ್ತಿದೆ.

ಇಂಥ ಸೊಳ್ಳೆಯನ್ನು ಎಂದಾದರೂ ಬಯಲಿಗೆ ಬಿಡುವುದಾದರೆ ಯಾರನ್ನು ಕೇಳಬೇಕು? ಹಣ ಕೊಟ್ಟ ಟ್ರಸ್ಟನ್ನೋ, ದೆಹಲಿಯ ಸಮಿತಿಯನ್ನೋ, ಅದು ಹಾರಿ ಬರುವ ಹಳ್ಳಿಯವರನ್ನೋ? ಒಮ್ಮೆ ಬಿಟ್ಟ ಮೇಲೆ ಅದು ತಾಲ್ಲೂಕಿನ ಗಡಿ ನೋಡುವುದಿಲ್ಲ. ದಾನಿಯ ಹಣವು ಸಂಶೋಧನೆಯನ್ನು ಬೇಗ ಓಡಿಸಬಲ್ಲದು. ಹಳ್ಳಿಯ ಒಪ್ಪಿಗೆಯನ್ನು ಅಷ್ಟೇ ಬೇಗ ತರಲಾರದು, ತರಬಾರದು ಕೂಡ. ಪಂಪು ಹೊತ್ತವರನ್ನು ಬಾಗಿಲಲ್ಲಿ ತಡೆದ ರೇಷ್ಮೆ ರೈತನಿಗೆ ಈ ವಿಷಯದಲ್ಲೂ ಮಾತಿರಬೇಕು.

ಇಂದು ಇಂಥ ಜಂಟಿ ಸಂಶೋಧನೆಗೆ ಇನ್ನೂ ದಾರಿಗಳಿವೆ. ಔಷಧ ವ್ಯಾಪಾರಿ ಹೆನ್ರಿ ವೆಲ್ಕಮ್ 1936ರಲ್ಲಿ ತೀರಿಕೊಂಡಾಗ ಬರೆದಿಟ್ಟ ಉಯಿಲಿನಿಂದ ಹುಟ್ಟಿದ ಲಂಡನ್ನಿನ ವೆಲ್ಕಮ್ ಟ್ರಸ್ಟ್ ಮತ್ತು ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಸಮಪಾಲು ಹಾಕಿ 'ಇಂಡಿಯಾ ಅಲಯನ್ಸ್' ಶುರುಮಾಡಿದವು. ವಿದೇಶದಲ್ಲಿದ್ದ ಎಷ್ಟೋ ಯುವ ವಿಜ್ಞಾನಿಗಳು ಅದರ ಫೆಲೋಶಿಪ್ ಹಿಡಿದು ಬೆಂಗಳೂರಿನ ಪ್ರಯೋಗಾಲಯಗಳಿಗೆ ಮರಳಿದ್ದಾರೆ. ಎಲ್ಲಾ ಹಣವೂ ದತ್ತಿಯದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಜಿಲ್ಲೆಯಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 'ಹೋಪ್' ಎಂಬ ದೊಡ್ಡ ಅಧ್ಯಯನ ನಡೆಸಿದವು. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಜೊತೆಗೆ ಮನಸ್ಸಿನ ಖಿನ್ನತೆಯೂ ಇರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬಹುದೇ ಎಂಬುದು ಪ್ರಶ್ನೆ. ಅದಕ್ಕೆ ಹಣ ಕೊಟ್ಟದ್ದು ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ. ಕೆಲಸ ನಿಂತದ್ದು ಮಾತ್ರ ಇಲ್ಲಿನ ಆರೋಗ್ಯ ಕೇಂದ್ರಗಳ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ.

ಹೊರದೇಶದ ದೇಣಿಗೆ ಪಡೆಯಬೇಕಾದರೆ ಸಂಸ್ಥೆಗಳು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಇಲ್ಲವೇ ಮುಂಗಡ ಅನುಮತಿ ಪಡೆದಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಗೇ ಬರಬೇಕು. ಆಡಳಿತದ ಖರ್ಚು 20 ಪರ್ಸೆಂಟ್ ಮೀರಬಾರದು. ಒಂದು ಸಂಸ್ಥೆ ತನಗೆ ಬಂದ ದೇಣಿಗೆಯನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ಹಣದ ಮೇಲೆ ಕಣ್ಣಿಡುವುದು ಬೇಕಾದದ್ದೇ. ಆದರೆ ದೊಡ್ಡ ಸಂಸ್ಥೆಯೊಂದು ಹಣ ತಂದು, ಹಳ್ಳಿಯಲ್ಲಿ ದುಡಿಯುವ ಸಣ್ಣ ಸಂಸ್ಥೆಯ ಕೈಗೆ ಅದರಲ್ಲಿ ಪಾಲು ಕೊಡುವ ದಾರಿ ಇದರಿಂದ ಮುಚ್ಚಿದೆ. ಇದು ತಪ್ಪು ಕಡೆ ಬಿದ್ದ ಬೀಗ ಎಂದೇ ಹೇಳಬೇಕು.

ರಾಕ್‌ಫೆಲರ್ ಪ್ರತಿಷ್ಠಾನದ ಹಳೆಯ ಕಾಗದಪತ್ರಗಳನ್ನು ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋ ಎಂಬಲ್ಲಿನ ದಾಖಲೆ ಭಂಡಾರದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಆ ಕಡೆಯ ಅರ್ಧ ಕಥೆ ಅಲ್ಲಿದೆ. ಈ ಕಡೆಯ ಅರ್ಧ ಇರುವುದು ಇಲ್ಲಿನ ಮನೆಗಳಲ್ಲಿ. ಕ್ಲೋಸ್‌ಪೇಟೆಯಲ್ಲಿ ತರಬೇತಿ ಪಡೆದವರ ಮಕ್ಕಳು ಮೊಮ್ಮಕ್ಕಳು ರಾಮನಗರ, ಚನ್ನಪಟ್ಟಣದ ಕಡೆ ಇನ್ನೂ ಇದ್ದಾರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೋ, ಅಜ್ಜಿ ಹೇಳುತ್ತಿದ್ದ ಹೆರಿಗೆಗಳ ಲೆಕ್ಕ ಸಿಗಬಹುದು. ಸಿಕ್ಕರೆ ಹಳೆ ಕಾಗದವೆಂದು ಬಿಸಾಡಬೇಡಿ. ಹಿರಿಯರಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೊಮ್ಮೆ ತೋರಿಸಿ.